ಯಾರ ಲೆಕ್ಕ ಮಾಡಿಕೊಡೋಣ?

ಪ್ರಶ್ನೆಪತ್ರಿಕೆ ಟೈಪ್ ಮಾಡುವಾಗ ಕಂಪ್ಯೂಟರಿಗೆ ಏನೇನೂ ಆಯಾಸವಿಲ್ಲ. ನಾವು ಒಂದು ಅಕ್ಷರ ಒತ್ತಿ ಮುಂದಿನ ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ (ನಮ್ಮಂಥ ಟೀಚರುಗಳ ಟೈಪಿಂಗ್ ಅಷ್ಟೇ ಅಲ್ಲವೇ!) ಅದು ಕೋಟಿಗಟ್ಟಲೆ ಲೆಕ್ಕ ಮಾಡಿ ಮುಗಿಸಬಲ್ಲದು. ಆದರೆ ಮಾಡಲು ಲೆಕ್ಕವೇ ಇಲ್ಲ, ಸುಮ್ಮನೆ ಕೂತಿರುತ್ತದೆ. ಈ ಬಿಡುವಿನ ಹೊತ್ತನ್ನು ನಮಗೆ ಕೊಡಿ, ನಾವು ವಿಜ್ಞಾನದ ಕೆಲಸಕ್ಕೆ ಬಳಸುತ್ತೇವೆ ಎಂದು ಕೇಳುವವರು ಜಗತ್ತಿನಲ್ಲಿ ಹಲವರಿದ್ದಾರೆ. ಒಬ್ಬರು ಕ್ಯಾನ್ಸರ್ ಎನ್ನುತ್ತಾರೆ, ಒಬ್ಬರು ನಕ್ಷತ್ರ ಎನ್ನುತ್ತಾರೆ, ಒಬ್ಬರು ಮಳೆ ಎನ್ನುತ್ತಾರೆ, ಇನ್ನೊಬ್ಬರು ಬರೀ ಸಂಖ್ಯೆ ಎನ್ನುತ್ತಾರೆ. ಇರುವುದು ಒಂದೇ ಕಂಪ್ಯೂಟರ್. ಯಾರಿಗೆ ಕೊಡುವುದು? ಗಡಿಯ ಈಚೆ ಕಾಸರಗೋಡಿನ ಒಂದು ಕನ್ನಡ ಶಾಲೆಯಲ್ಲಿ ನಾವು ಈ ಪ್ರಶ್ನೆಯನ್ನು ಸ್ವಲ್ಪ ದಿನ ಗಂಭೀರವಾಗಿಯೇ ಚರ್ಚಿಸಿದೆವು. ಅದರ ವರದಿ ಇದು.

ಮೊದಲು ಇದು ನಡೆಯುವ ಬಗೆ ಹೇಳಬೇಕು. ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಬಹಳ ಸುಲಭವಾಯಿತು, ಏಕೆಂದರೆ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ಅಮ್ಮನೋ ಅಜ್ಜಿಯೋ ಬೀಡಿ ಕಟ್ಟುತ್ತಾರೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುತ್ತಾರೆ. ಮನೆಯ ಕೆಲಸದ ನಡುವೆ ಬಿಡುವಾದಾಗ ಕಟ್ಟುತ್ತಾರೆ. ಹೇಳಿದ ದಿನಕ್ಕೆ ಒಯ್ದು ಕೊಡುತ್ತಾರೆ. ಅಲ್ಲಿ ನೋಡುವವರು ನೋಡಿ, ಸರಿಯಿಲ್ಲದ್ದನ್ನು ತೆಗೆದುಹಾಕಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಇದೂ ಹಾಗೆಯೇ. ದೊಡ್ಡದೊಂದು ಲೆಕ್ಕವನ್ನು ಸಣ್ಣ ಸಣ್ಣ ಕಟ್ಟು ಮಾಡಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಮನೆ ಮನೆಗೆ ಕಳಿಸುತ್ತದೆ. ನಮ್ಮ ಕಂಪ್ಯೂಟರ್ ಬಿಡುವಿನಲ್ಲಿ ಮಾಡಿ, ವಾಯಿದೆಯೊಳಗೆ ವಾಪಸ್ಸು ಕಳಿಸುತ್ತದೆ. ಎಷ್ಟೋ ಯೋಜನೆಗಳಲ್ಲಿ ಒಂದೇ ಕಟ್ಟನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಮೂರನೆಯವರಿಗೆ. ನಮ್ಮ ಹೆಸರಿನಲ್ಲಿ ಅಂಕವೂ ಜಮೆಯಾಗುತ್ತದೆ. ಮಜೂರಿ ಮಾತ್ರ ಇಲ್ಲ! ಈ ಅಂಕ ಕೂಡಿಸುವುದರಲ್ಲೇ ಮುಳುಗಿಹೋದವರೂ ಇದ್ದಾರೆ, ಅದು ಬೇರೆ ಕಥೆ.

ಕಂಪ್ಯೂಟರಿನಲ್ಲಿ ಹೀಗೆ ಹಂಚಿ ಕಟ್ಟುವ ಕೆಲಸ ಮನೆಮನೆಗೆ ಬಂದದ್ದು 1990ರ ದಶಕದಲ್ಲಿ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಎಂಬವರು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಗಿಂಪ್ಸ್ ಎಂಬ ಯೋಜನೆ ಶುರುಮಾಡಿದರು. 1999ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಸೆಟಿ ಅಟ್ ಹೋಮ್ ತಂದರು. ಅರೆಸಿಬೊ ಎಂಬಲ್ಲಿಯ ಬೃಹತ್ ರೇಡಿಯೋ ದೂರದರ್ಶಕ ಹಿಡಿದ ಸದ್ದಿನಲ್ಲಿ ಬೇರೆ ಲೋಕದ ಜೀವಿಗಳ ಸಂಕೇತವೇನಾದರೂ ಇದೆಯೇ ಎಂದು ಹುಡುಕುವುದು. ಲಕ್ಷಾಂತರ ಜನ ಸೇರಿದರು. ಅದೇ ಬರ್ಕ್ಲಿಯವರು ಮುಂದೆ ಬೋಯಿಂಕ್ ಎಂಬ ಸ್ವತಂತ್ರ ತಂತ್ರಾಂಶ ಮಾಡಿ, ಯಾವ ವಿಜ್ಞಾನಿ ಬೇಕಾದರೂ ಇದರ ಮೂಲಕ ಲೆಕ್ಕ ಹಂಚಬಹುದು ಎಂದರು. ಇಂದಿನ ಹೆಚ್ಚಿನ ಯೋಜನೆಗಳು ಬೋಯಿಂಕ್ ಮೇಲೆಯೇ ನಿಂತಿವೆ.

ಇಲ್ಲೊಂದು ಎಚ್ಚರಿಕೆ. ಹಳೆಯ ಲೇಖನ ಓದಿ ಸೆಟಿ ಸೇರಲು ಹೋಗಬೇಡಿ. 2020ರ ಮಾರ್ಚ್ 31ರ ನಂತರ ಅದು ಹೊಸ ಕಟ್ಟು ಕಳಿಸುವುದನ್ನು ನಿಲ್ಲಿಸಿತು. ಅದೇ ವರ್ಷ ಡಿಸೆಂಬರ್ 1ರಂದು ಅರೆಸಿಬೊ ದೂರದರ್ಶಕವೇ ಕುಸಿದು ಬಿತ್ತು. ನಮ್ಮ ಏಳನೇ ಕ್ಲಾಸಿನಲ್ಲಿ ಮತಕ್ಕೆ ಹಾಕಿದಾಗ 23 ಮಕ್ಕಳಲ್ಲಿ 7 ಮಂದಿ ಬೇರೆ ಲೋಕದವರ ಪಕ್ಷಕ್ಕೇ ಕೈ ಎತ್ತಿದ್ದರು. ಅವರಿಗೆ ಈ ಸುದ್ದಿ ಹೇಳುವಾಗ ಆದ ನಿರಾಸೆ ನೋಡಬೇಕಿತ್ತು. ಉಳಿದಂತೆ ಕ್ಯಾನ್ಸರಿಗೆ 11, ಮಳೆಗೆ 4, ಸಂಖ್ಯೆಗೆ 1.

ಮತ ಎಣಿಸುವುದು ಸುಲಭ. ಆದರೆ ನಮ್ಮ ಮನೆಯವರು ಒಂದು ತಕರಾರು ಎತ್ತಿದರು. “ಬಿಡುವು ಬಿಡುವು ಅನ್ನುತ್ತೀಯಲ್ಲ, ಕರೆಂಟು ಬಿಲ್ಲಿಗೆ ಬಿಡುವು ಉಂಟಾ?” ಎಂದರು. ಮಾತು ಸರಿಯೇ. ಹಿಂದಿನ ಕಂಪ್ಯೂಟರುಗಳು ಕೆಲಸ ಇದ್ದರೂ ಇಲ್ಲದಿದ್ದರೂ ಹೆಚ್ಚು ಕಡಿಮೆ ಒಂದೇ ಪ್ರಮಾಣದ ಕರೆಂಟು ತಿನ್ನುತ್ತಿದ್ದವು. ಆಗ ಬಿಡುವಿನ ಶಕ್ತಿ ಎಂದರೆ ನಿಜವಾಗಿಯೂ ಹೇಗೂ ಹೋಗಿಯೇ ಹೋಗುವ ಶಕ್ತಿ. ಈಗಿನವು ಹಾಗಲ್ಲ. ಕೆಲಸವಿಲ್ಲದಾಗ ಅರೆನಿದ್ದೆಗೆ ಜಾರಿ ಕರೆಂಟು ಉಳಿಸುತ್ತವೆ. ಲೆಕ್ಕ ಕೊಟ್ಟರೆ ಎದ್ದು ಕೂತು ಉಣ್ಣುತ್ತವೆ. ಆದ್ದರಿಂದ ‘ಬಳಸದೆ ಉಳಿದ ಶಕ್ತಿ’ ಎಂಬುದು ಈಗ ಅಟ್ಟದ ಮೇಲೆ ಉಳಿದಿರುವ ಹಳೇ ತೆಂಗಿನಕಾಯಿಯಲ್ಲ. ಕೇಳಿದಾಗ ಮರ ಹತ್ತಿ ಇಳಿಸಿ ಕೊಡಬೇಕಾದ ಕಾಯಿ.

ಎಲೆಕ್ಟ್ರಿಶಿಯನ್ ಒಬ್ಬರಿಂದ ಪ್ಲಗ್ಗಿಗೆ ಹಾಕುವ ಮೀಟರ್ ಕಡ ತಂದು ಅಳೆದೆವು. ನಮ್ಮ ಹಳೆಯ ಡೆಸ್ಕ್‌ಟಾಪ್ ಸುಮ್ಮನಿರುವಾಗ 48 ವ್ಯಾಟ್, ಪೂರ್ತಿ ಲೆಕ್ಕಕ್ಕೆ ಕೂತಾಗ 86 ವ್ಯಾಟ್. ವ್ಯತ್ಯಾಸ 38. ಹೇಗೂ ಸಂಜೆ ನಾಲ್ಕು ಗಂಟೆ ಅದು ಚಾಲೂ ಇರುತ್ತದೆ (ಮಗಳ ಓದು, ನಮ್ಮ ಪಾಠ ತಯಾರಿ, ಮನೆಯವರ ಅಡಿಕೆ ರೇಟು). ಆ ನಾಲ್ಕು ಗಂಟೆ ಮಾತ್ರ ಲೆಕ್ಕ ಮಾಡಿಸಿದರೆ ಹೆಚ್ಚುವರಿ ಖರ್ಚು ತಿಂಗಳಿಗೆ ನಾಲ್ಕೂವರೆ ಯೂನಿಟ್. ನಮ್ಮ ಕೇರಳದಲ್ಲಿ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ, ಅಂದರೆ 9 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಎಂದೇ ಇಟ್ಟುಕೊಂಡರೂ 63 ರೂಪಾಯಿ. ಅದೇ ಲೆಕ್ಕಕ್ಕೆಂದೇ ಹಗಲೂ ರಾತ್ರಿ ಬಿಟ್ಟರೆ? 86 ವ್ಯಾಟ್, 24 ಗಂಟೆ, ದಿನಕ್ಕೆ 2 ಯೂನಿಟ್ ಮೀರಿ. ಬಿಲ್ಲಿಗೆ 124 ಯೂನಿಟ್, 868 ರೂಪಾಯಿ. ಮೇಲಿನಿಂದ ಸ್ಲ್ಯಾಬು ದಾಟುವ ಭಯ. ತಿಂಗಳಿಗೆ 250 ಯೂನಿಟ್ ಮೀರಿದರೆ ಮೀರಿದ್ದಕ್ಕೆ ಮಾತ್ರವಲ್ಲ, ಮೊದಲನೇ ಯೂನಿಟ್ಟಿನಿಂದಲೇ ಹೆಚ್ಚಿನ ದರ ಬೀಳುತ್ತದೆ ಎಂಬುದು ಇಲ್ಲಿಯ ಓದುಗರಿಗೆ ಗೊತ್ತಿದ್ದದ್ದೇ. ಈ ಲೆಕ್ಕವನ್ನು ಕ್ಲಾಸಿನಲ್ಲಿ ಮಕ್ಕಳಿಂದಲೇ ಮಾಡಿಸಿದೆವು. ವ್ಯಾಟ್, ಗಂಟೆ, ಯೂನಿಟ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ.

“ಶಾಲೆಯ ಲ್ಯಾಪ್‌ಟಾಪಿನಲ್ಲಿ ಹಾಕುವಾ ಟೀಚರೇ” ಎಂದು ಮಕ್ಕಳು ಹೇಳದೆ ಇರಲಿಲ್ಲ. ನಮ್ಮ ಶಾಲೆಗಳಿಗೆ ಕೈಟ್‌ನವರು ಕೊಟ್ಟ ಯಂತ್ರಗಳಲ್ಲಿ ಇರುವುದು ಲಿನಕ್ಸ್, ಬೋಯಿಂಕ್ ಅದರಲ್ಲಿ ಸಲೀಸಾಗಿ ಕೂರುತ್ತದೆ. ಆದರೂ ಬೇಡ ಎಂದೆವು. ಅದು ಸರಕಾರದ ಸೊತ್ತು, ಕರೆಂಟು ಪಂಚಾಯತಿನದು. ಅಮೆರಿಕದ ಜಾರ್ಜಿಯಾ ರಾಜ್ಯದ ಕಾಲೇಜೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರೊಬ್ಬರು 1999ರಲ್ಲಿ ಕೇಳದೆ ಇಂಥದೇ ತಂತ್ರಾಂಶ ಹಾಕಿದ್ದಕ್ಕೆ ಕೇಸಾಗಿ, 2002ರಲ್ಲಿ ದಂಡ ಕಟ್ಟಿ ಪ್ರೊಬೇಷನ್ ಮೇಲೆ ಬಿಡುಗಡೆಯಾದರು. ದಾನ ಮಾಡುವವರು ತಮ್ಮದನ್ನು ಮಾಡಬೇಕು.

ಇನ್ನು ಒಂದೊಂದಾಗಿ ನೋಡೋಣ. ಮತದಲ್ಲಿ ಗೆದ್ದ ಕ್ಯಾನ್ಸರಿನ ಪಕ್ಷದಲ್ಲಿ ಮುಖ್ಯವಾದದ್ದು ವರ್ಲ್ಡ್ ಕಮ್ಯುನಿಟಿ ಗ್ರಿಡ್. 2004ರಲ್ಲಿ ಐಬಿಎಂ ಕಂಪೆನಿ ಆರಂಭಿಸಿದ್ದು, 2021ರಲ್ಲಿ ಕೆನಡಾದ ಟೊರಾಂಟೊದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಗೆ ವಹಿಸಿಕೊಟ್ಟರು. ಇದು ಒಂದೇ ಯೋಜನೆಯಲ್ಲ, ಹಲವು ಯೋಜನೆಗಳ ಚಾವಡಿ. ಇಲ್ಲಿ ನಡೆದ ಒಂದು ಕೆಲಸವನ್ನು ಮಕ್ಕಳಿಗೆ ಹೇಳಿದೆವು. ನ್ಯೂರೋಬ್ಲಾಸ್ಟೋಮಾ ಎಂಬುದು ಎಳೆಯ ಮಕ್ಕಳಿಗೆ ಬರುವ ಕ್ಯಾನ್ಸರ್. ಜಪಾನಿನ ಚೀಬಾದ ವಿಜ್ಞಾನಿಗಳು ಸುಮಾರು 30 ಲಕ್ಷ ರಾಸಾಯನಿಕಗಳಲ್ಲಿ ಯಾವುದು ಆ ರೋಗದ ಪ್ರೋಟೀನಿಗೆ ಅಂಟಿಕೊಂಡೀತು ಎಂದು ಜನರ ಮನೆಯ ಕಂಪ್ಯೂಟರುಗಳಲ್ಲಿ ಜರಡಿ ಹಿಡಿಸಿದರು. ಉಳಿದವುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಭರವಸೆ ಹುಟ್ಟಿಸುವ 7 ಸಿಕ್ಕಿವೆ ಎಂದು 2014ರಲ್ಲಿ ಪ್ರಕಟಿಸಿದರು. ಇದು ಔಷಧ ಸಿಕ್ಕಿತು ಎಂದಲ್ಲ. ಗದ್ದೆಯಲ್ಲಿ ಬೀಳಿಸಿಕೊಂಡ ಮೂಗುತಿ ಈ ಮೂಲೆಯಲ್ಲಿ ಇರಬಹುದು ಎಂದು ಗೊತ್ತಾದ ಹಾಗೆ. ಅಲ್ಲಿಂದ ರೋಗಿಯ ಕೈಗೆ ಮಾತ್ರೆ ಬರುವವರೆಗೆ ಎಷ್ಟೋ ವರ್ಷ, ಎಷ್ಟೋ ಸೋಲು. ಆದರೂ 30 ಲಕ್ಷದಿಂದ 7ಕ್ಕೆ ಇಳಿಸಿದ್ದು ಸಣ್ಣ ಕೆಲಸವಲ್ಲ, ಅದನ್ನು ನಮ್ಮಂಥವರ ಮನೆಯ ಯಂತ್ರಗಳು ಮಾಡಿದ್ದು ನಿಜ.

ಇದನ್ನು ಹೇಳಿ ಮುಗಿಸುವಾಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರೇ, ನಮ್ಮ ಊರಿನ ಸೀಕಿಗೆ ಇದರಲ್ಲಿ ಏನಾದರೂ ಉಂಟಾ?” ಎಂದು ಕೇಳಿದಳು.

ಯಾವ ಸೀಕು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಈ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಕಡೆಯ ಪಡ್ರೆಯಂಥ ನಮ್ಮ ಕನ್ನಡ, ತುಳು ಊರುಗಳ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಹಾಗೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ತಡೆಯಿತು. 2017ರ ಜನವರಿಯಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದಿತು. ಆ ಹುಡುಗಿಯ ಚಿಕ್ಕಮ್ಮನ ಮಗ ಹಾಸಿಗೆಯಲ್ಲೇ ಇದ್ದಾನೆ, ವಯಸ್ಸು ಇಪ್ಪತ್ತು ದಾಟಿದೆ, ಎತ್ತಿ ಕೂರಿಸಬೇಕು.

ಇಲ್ಲ ಎಂದೇ ಹೇಳಿದೆವು. ಹುಡುಕಿ ನೋಡಿಯೇ ಹೇಳಿದೆವು, ನಮ್ಮ ಕಣ್ಣಿಗೆ ಅಂಥ ಯೋಜನೆ ಬೀಳಲಿಲ್ಲ. ಯಾಕಿಲ್ಲ ಎಂದು ಮುಂದಿನ ಪ್ರಶ್ನೆ ಬರುತ್ತದಲ್ಲ, ಅದಕ್ಕೂ ತಯಾರಾಗಬೇಕಾಯಿತು. ಹಂಚಿ ಮಾಡುವ ಲೆಕ್ಕಕ್ಕೆ ಒಂದು ಗುಣ ಬೇಕು. ಅದನ್ನು ಸಾವಿರ ತುಂಡು ಮಾಡಿದರೂ ಒಂದು ತುಂಡಿಗೆ ಇನ್ನೊಂದರ ಹಂಗು ಇರಬಾರದು, ಅಡಿಕೆ ಸುಲಿದ ಹಾಗೆ. ಹತ್ತು ಮಂದಿ ಕೂತರೆ ಹತ್ತು ಪಟ್ಟು ಬೇಗ. ಆದರೆ ಆ ಮನೆಗೆ ಬೇಕಾಗಿರುವುದು ಲೆಕ್ಕವಲ್ಲ. ಮದ್ದು, ಕರೆದೊಯ್ಯಲು ವಾಹನ, ಕೈಕಾಲು ತಿಕ್ಕಿ ವ್ಯಾಯಾಮ ಮಾಡಿಸುವವರು, ತಾಯಿಗೆ ಅರ್ಧ ದಿನದ ಬಿಡುವು. ಅದರಲ್ಲಿ ಕಂಪ್ಯೂಟರಿನ ಬಿಡುವು ಯಾವುದಕ್ಕೂ ಆಗುವುದಿಲ್ಲ.

ಹಗಲೂ ರಾತ್ರಿ ಯಂತ್ರ ಓಡಿಸುವ ಆಸೆ ನಮಗೆ ಹೋದದ್ದು ಅಲ್ಲಿಗೆ. ಹೇಗೂ ಚಾಲೂ ಇರುವ ನಾಲ್ಕು ಗಂಟೆ ಬಿಟ್ಟರೆ ಉಳಿದ 20 ಗಂಟೆಯ ಖರ್ಚು ಸುಮಾರು 722. ಎರಡು ತಿಂಗಳಿಗೊಮ್ಮೆ 722 ರೂಪಾಯಿಯ ಕರೆಂಟು ಸುಟ್ಟು ದೂರದ ರೋಗಕ್ಕೆ ಪುಣ್ಯ ಕಟ್ಟಿಕೊಳ್ಳುವ ಬದಲು ಆ ಪೈಸೆ ಮೂರು ಮೈಲಿ ದೂರದ ಮನೆಗೆ ಹೋಗಲಿ ಎಂದು ಮನೆಯವರು ಹೇಳಿದರು, ನಾವೂ ಒಪ್ಪಿದೆವು. ಹಾಗೆಂದು ಕಂಪ್ಯೂಟರ್ ದಾನವೇ ಕೆಲಸಕ್ಕೆ ಬಾರದ್ದು ಎಂದು ನಾವು ಹೇಳುವುದಿಲ್ಲ. 63 ರೂಪಾಯಿಗೆ ಸಿಗುವಷ್ಟು ವಿಜ್ಞಾನ ಇನ್ನೆಲ್ಲಿಯೂ ಅಷ್ಟು ಅಗ್ಗವಾಗಿ ಸಿಗದು.

ಮಳೆಯ ಪಕ್ಷದ ನಾಲ್ವರು ಸುಮ್ಮನಾಗಿರಲಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಕುಡಿಯುವ ಜಿಲ್ಲೆಯ ಮಕ್ಕಳು, 2018ರ ಕೇರಳದ ನೆರೆಯನ್ನು ಮನೆಯವರ ಬಾಯಲ್ಲಿ ಕೇಳಿ ಬೆಳೆದವರು. ಅವರ ಯೋಜನೆ ಆಕ್ಸ್‌ಫರ್ಡಿನವರ ಕ್ಲೈಮೇಟ್ ಪ್ರಿಡಿಕ್ಷನ್, 2003ರಲ್ಲಿ ಆರಂಭವಾದದ್ದು. ಅದರ ಉಪಾಯ ನಮಗೆ ಬಹಳ ಇಷ್ಟವಾಯಿತು. ಭೂಮಿಯ ಹವೆಯ ಪೂರ್ತಿ ಮಾದರಿಯನ್ನೇ ಒಂದೊಂದು ಮನೆಗೆ ಕೊಡುತ್ತಾರೆ, ಆದರೆ ಪ್ರತಿ ಮನೆಯಲ್ಲೂ ಮೋಡ ಮಳೆಗಳ ಲೆಕ್ಕದಲ್ಲಿ ಒಂದು ಚಿಟಿಕೆ ವ್ಯತ್ಯಾಸ. ಒಂದೇ ಸಾರನ್ನು ಸಾವಿರ ಅಡುಗೆಮನೆಯಲ್ಲಿ ಬೇರೆ ಬೇರೆ ಉಪ್ಪು ಹಾಕಿ ಮಾಡಿ ನೋಡಿದ ಹಾಗೆ. ಇಂಗಾಲದ ಡೈ ಆಕ್ಸೈಡ್ ಇಮ್ಮಡಿಯಾದರೆ ಭೂಮಿ ಎಷ್ಟು ಬಿಸಿಯಾದೀತು ಎಂಬುದಕ್ಕೆ 2 ಡಿಗ್ರಿಗಿಂತ ಕಡಿಮೆಯಿಂದ 11 ಡಿಗ್ರಿಗಿಂತ ಹೆಚ್ಚಿನವರೆಗೆ ಉತ್ತರ ಬಂತು ಎಂದು 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಒಂದು ಉತ್ತರ ಹೇಳುವುದಕ್ಕಿಂತ ‘ನಮ್ಮ ಅನುಮಾನ ಇಷ್ಟು ಅಗಲ’ ಎಂದು ಹೇಳುವುದು ಪ್ರಾಮಾಣಿಕ ವಿಜ್ಞಾನ. ಆದರೆ ಇದರ ಒಂದೊಂದು ಕಟ್ಟೂ ದಿನಗಟ್ಟಲೆ ಓಡಬೇಕು, ಮೆಮೊರಿ ಹೆಚ್ಚು ಬೇಕು. ದಿನಕ್ಕೆ ನಾಲ್ಕೇ ಗಂಟೆ ಎದ್ದಿರುವ, ಕರೆಂಟು ಹೋದರೆ ತಟ್ಟನೆ ಆರುವ ನಮ್ಮ ಯಂತ್ರಕ್ಕೆ ಅದು ಭಾರ. ಮನಸ್ಸಿದ್ದರೂ ಕೈಬಿಟ್ಟೆವು. ಒಳ್ಳೆಯ ಯಂತ್ರ ಇದ್ದವರು ಯೋಚಿಸಬಹುದು.

ಫೋಲ್ಡಿಂಗ್ ಅಟ್ ಹೋಮ್ ಹೆಸರು ಕೆಲವರಾದರೂ ಕೇಳಿರುತ್ತೀರಿ. 2000ದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ವಿಜಯ್ ಪಾಂಡೆ ಶುರುಮಾಡಿದ್ದು. ಪ್ರೋಟೀನು ಎಂಬ ಉದ್ದದ ದಾರ ಹೇಗೆ ಮಡಚಿಕೊಳ್ಳುತ್ತದೆ, ಹೇಗೆ ಅಲುಗಾಡುತ್ತದೆ ಎಂಬ ಲೆಕ್ಕ. 2020ರಲ್ಲಿ ಕೊರೊನಾ ಬಂದಾಗ ಎಷ್ಟು ಜನ ನುಗ್ಗಿದರೆಂದರೆ, ಎಲ್ಲರ ಯಂತ್ರ ಸೇರಿ ಸೆಕೆಂಡಿಗೆ ಒಂದರ ಮುಂದೆ 18 ಸೊನ್ನೆಯಷ್ಟು ಲೆಕ್ಕ ಮೀರಿತು, ಆಗಿನ ಯಾವ ಸೂಪರ್ ಕಂಪ್ಯೂಟರಿಗೂ ಅಷ್ಟು ಬಲವಿರಲಿಲ್ಲ. ಇಂಥದೇ ಇನ್ನೊಂದು ರೊಸೆಟ್ಟಾ, ಅದರ ಡೇವಿಡ್ ಬೇಕರ್ ಅವರಿಗೆ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಜೊತೆಗೆ ಪಡೆದವರು ಆಲ್ಫಾಫೋಲ್ಡ್ ಮಾಡಿದವರು. ಪ್ರೋಟೀನಿನ ಆಕಾರ ಊಹಿಸುವ ಕೆಲಸವನ್ನು ಕೃತಕ ಬುದ್ಧಿಮತ್ತೆ ಹೀಗೆ ಕೈಗೆತ್ತಿಕೊಂಡ ಮೇಲೆ, ಬರೀ ಆಕಾರದ ಊಹೆಗೆ ನಮ್ಮ ಸಂಜೆಯ ನಾಲ್ಕು ಗಂಟೆ ಬೇಕೇ ಎಂದು ಕೇಳಿಕೊಳ್ಳುವುದು ತಪ್ಪಲ್ಲ. ಅಲುಗಾಟದ ಲೆಕ್ಕ ಬೇರೆ, ಅದು ಇನ್ನೂ ಬೇಕಾದದ್ದು. ಆದರೆ ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಇದ್ದವರೇ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ನಮ್ಮದರಲ್ಲಿ ಇಲ್ಲ.

ಕೊನೆಗೆ ಮೊದಲ ಸ್ಥಾನ ವರ್ಲ್ಡ್ ಕಮ್ಯುನಿಟಿ ಗ್ರಿಡ್ಡಿಗೇ ಕೊಟ್ಟೆವು. ಕಟ್ಟು ಚಿಕ್ಕದು, ಹಳೆಯ ಯಂತ್ರಕ್ಕೂ ಆಗುತ್ತದೆ, ಮಕ್ಕಳ ಮತಕ್ಕೂ ಬೆಲೆ ಬಂತು. ಒಂದು ತೊಡಕು ಎಂದರೆ ಟೊರಾಂಟೊಗೆ ಹೋದ ಮೇಲೆ ಅದು 2022ರಲ್ಲಿ ಸ್ಥಳಾಂತರಕ್ಕಾಗಿ ತಿಂಗಳುಗಟ್ಟಲೆ ನಿಂತಿತ್ತು, ಆಮೇಲೂ ಆಗಾಗ ಕೆಲಸ ಬಂದಿಲ್ಲ. ಅದಕ್ಕೆ ಬೋಯಿಂಕಿನಲ್ಲಿ ಉಪಾಯವಿದೆ. ಇನ್ನೊಂದು ಯೋಜನೆಯನ್ನೂ ಸೇರಿಸಿ ಅದರ ಪಾಲು ಸೊನ್ನೆ ಎಂದು ಬರೆದರೆ, ಮೊದಲನೆಯದರಲ್ಲಿ ಕೆಲಸ ಇಲ್ಲದಾಗ ಮಾತ್ರ ಅಲ್ಲಿಂದ ತರುತ್ತದೆ. ಆ ಸೊನ್ನೆ ಪಾಲಿಗೆ ಐನ್‌ಸ್ಟೈನ್ ಅಟ್ ಹೋಮ್ ಹಾಕಿದೆವು. ಬೇರೆ ಲೋಕದ ಪಕ್ಷದ ಏಳು ಮಕ್ಕಳಿಗೆ ಸಮಾಧಾನವಾಗಲಿ ಎಂದು. ಅದು 2005ರಿಂದ ನಡೆಯುತ್ತಿದೆ. 2010ರಲ್ಲಿ ಅಮೆರಿಕದ ಅಯೋವಾದ ದಂಪತಿ ಮತ್ತು ಜರ್ಮನಿಯ ಒಬ್ಬರ ಕಂಪ್ಯೂಟರುಗಳು, ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಹೊಸ ನಕ್ಷತ್ರವೊಂದನ್ನು, ಪಲ್ಸಾರ್ ಎನ್ನುತ್ತಾರೆ, ಹಿಡಿದುಕೊಟ್ಟವು. ಗುರುತ್ವದ ಅಲೆಯನ್ನು ಅಳೆಯುವ ಲೈಗೋ ಯಂತ್ರಗಳ ಸದ್ದೂ ಅಲ್ಲಿ ಜರಡಿಯಾಗುತ್ತದೆ. ಅಂಥದೇ ಒಂದನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು 2023ರಲ್ಲಿ ಕೇಂದ್ರ ಸರಕಾರ ಒಪ್ಪಿದೆ ಎಂದಾಗ ಮಕ್ಕಳ ಕಿವಿ ನೆಟ್ಟಗಾಯಿತು.

ಇಟ್ಟುಕೊಂಡ ನಿಯಮಗಳು: ಯಂತ್ರ ಹೇಗೂ ಚಾಲೂ ಇದ್ದಾಗ ಮಾತ್ರ, ಪ್ರೊಸೆಸರಿನ ಅರ್ಧ ಭಾಗ ಮಾತ್ರ (ಆಗ ಬಿಲ್ಲು ಇನ್ನೂ ಇಳಿಯುತ್ತದೆ, ಫ್ಯಾನಿನ ಬೊಬ್ಬೆಯೂ), ಎಪ್ರಿಲ್ ಮೇ ಸೆಕೆಗೆ ರಜೆ, ತುಲಾ ತಿಂಗಳ ಗುಡುಗಿಗೆ ಪ್ಲಗ್ಗೇ ಕಿತ್ತಿಡುವುದು. ಮೊಬೈಲಿನಲ್ಲೂ ಬೋಯಿಂಕ್ ಉಂಟು, ಚಾರ್ಜಿಗೆ ಹಾಕಿದಾಗ ಮಾತ್ರ ಓಡುತ್ತದೆ. ಮಕ್ಕಳ ಮನೆಯ ಏಕೈಕ ಮೊಬೈಲನ್ನು ಬಿಸಿ ಮಾಡುವುದು ಬೇಡ ಎಂದು ಅದನ್ನು ಹೇಳಿಕೊಡಲಿಲ್ಲ.

ಸಂಖ್ಯೆಗೆ ಕೈ ಎತ್ತಿದ ಒಬ್ಬ ಹುಡುಗ ಉಳಿದನಲ್ಲ. ಗಿಂಪ್ಸಿನವರು ಹುಡುಕುವುದು, 2ನ್ನು 2ರಿಂದ ಗುಣಿಸುತ್ತ ಹೋಗಿ ಒಂದು ಕಳೆದರೆ ಸಿಗುವ ಅವಿಭಾಜ್ಯಗಳನ್ನು: 3, 7, 31, 127 ಹೀಗೆ. ಈವರೆಗೆ ಗೊತ್ತಿರುವುದು 52. ಕೊನೆಯದು 2024ರ ಅಕ್ಟೋಬರಿನಲ್ಲಿ ಸಿಕ್ಕಿದ್ದು, ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ 1,500 ಅಂಕಿಯಂತೆ ಬರೆದರೆ 200 ಪುಟದ ನೋಟುಬುಕ್ಕು 137 ಬೇಕು! ಅದನ್ನು ಕಂಡುಹಿಡಿದ ಲ್ಯೂಕ್ ಡ್ಯುರಾಂಟ್ 17 ದೇಶಗಳ ಬಲವಾದ ಯಂತ್ರಗಳನ್ನು ಒಟ್ಟುಗೂಡಿಸಿದ್ದರು. ಅವರ ಮುಂದೆ ನಮ್ಮ ಡೆಸ್ಕ್‌ಟಾಪ್ ಏನು ಮಾಡೀತು ಎಂದು ಅವನಿಗೆ ಕಂಪ್ಯೂಟರ್ ಕೊಡಲಿಲ್ಲ, ನೋಟುಬುಕ್ಕು ಕೊಟ್ಟೆವು.

2ರ 13ನೇ ಘಾತದಲ್ಲಿ ಒಂದು ಕಳೆದರೆ 8191. ಅವನು 2ರಿಂದ 89ರವರೆಗಿನ ಎಲ್ಲ ಅವಿಭಾಜ್ಯಗಳಿಂದ, 24 ಭಾಗಾಕಾರ ಮಾಡಿ, ಯಾವುದಕ್ಕೂ ಹೋಗುವುದಿಲ್ಲ ಎಂದು ತಂದು ತೋರಿಸಿದ. ಆಗ ಗಿಂಪ್ಸಿನ ಯಂತ್ರಗಳೂ ಬಳಸುವ ಒಂದು ಅಡ್ಡದಾರಿ ಹೇಳಿದೆವು. ಇಂಥ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು 13ರ ಇಮ್ಮಡಿಯಾದ 26ರ ಮಗ್ಗಿಗಿಂತ ಒಂದು ಹೆಚ್ಚು ಇರಲೇಬೇಕು. 27, 53, 79. 27 ಅವಿಭಾಜ್ಯವಲ್ಲ. ಉಳಿದದ್ದು ಎರಡೇ! ಹುಡುಗ ತನ್ನ 24 ಭಾಗಾಕಾರಗಳನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿದ. “ಮೊದಲೇ ಹೇಳಬಾರದಿತ್ತಾ ಟೀಚರೇ?” 11ನೇ ಘಾತಕ್ಕೆ ಇದೇ ದಾರಿ ಹಿಡಿದರೆ ಮೊದಲು ಬರುವುದೇ 23, ಅದು 2047ನ್ನು ಸರಿಯಾಗಿ ಭಾಗಿಸಿಬಿಡುತ್ತದೆ, 89 ಸಲ.

ಈಗ ಅವನು 17ನೇ ಘಾತದಲ್ಲಿದ್ದಾನೆ. 1,31,071. ಸುಮ್ಮನೆ ಮಾಡಿದರೆ 72 ಭಾಗಾಕಾರ. 34ರ ಮಗ್ಗಿಗೆ ಒಂದು ಸೇರಿಸುತ್ತ ಹೋದರೆ 103, 137, 239, 307, ನಾಲ್ಕೇ ಸಾಕು. ಉತ್ತರ ಇಲ್ಲಿ ಬರೆಯುವುದಿಲ್ಲ. ನಿಮ್ಮ ಶಾಲೆಯ ಮಕ್ಕಳಿಗೂ ಕೊಟ್ಟು ನೋಡಿ.